ಬಾಜೂ ಬಾಂವಿಯ ಹಳೇ ಅಂಕಿ

ಮುಂಜಾನಿಯಿಂದ ಸ್ನೇಹಲ ಒಂದ ಕಡೆ ಕುಂತಾಕಿ ಅಲ್ಲ. ಪಡಸಾಲಿಗೆ ಬರೂದು, ಫೋನ್ ನೋಡೂದು, ಮತ್ತ ಅಡಗಿಮನಿಗೆ ಹೋಗೂದು. "ಕಾಲಿಗೇನ ಚಕ್ರ ಕಟಗೊಂಡೀಯೇನ?" ಅಂತ ಅವರವ್ವ ನೀಲಾಬಾಯಿ ಬೈದದ್ದೂ ಆತು.

ಸುಮ್ಮ ಹೆಂಗ ಕುಂದ್ರಬೇಕ್ರಿ? ತೈಲ ಕಂಪನಿಯೊಳಗ ಆರು ವರ್ಷ ದುಡದಮ್ಯಾಲೆ ಆಕಿ ಹೆಸರಿಗೆ ಬಂದ ಮೊದಲನೇ ಬಾಂವಿ ಅದು. ಕೊರಿಯುವಾಗ ತಳದ ಗ್ಯಾಸ್ ಮ್ಯಾಲೆ ನುಗ್ಗಬಾರದಂತ ಬಾಂವಿಯೊಳಗ ತೂಕದ ಕೆಸರ ತುಂಬಿ ಒತ್ತಿ ಹಿಡೀತಾರ. ಕೆಸರ ಹಗುರಾದ್ರ ಗ್ಯಾಸ್ ಎದ್ದು ಮ್ಯಾಲಿನ ಮಂದೀನ ಸುಡತೈತಿ. ಅತಿ ಭಾರಾದ್ರ ಬಂಡೆ ಸೀಳಿ ಕೆಸರೆಲ್ಲಾ ಅದರಾಗ ಇಳದು ಹೋಗತೈತಿ, ಆವಾಗೂ ಗ್ಯಾಸ್ ಏಳೂದ. ಎಷ್ಟು ಒತ್ತಡಕ್ಕ ಬಂಡೆ ಸೀಳತೈತಿ ಅಂತ ಮದಲ ಅಂದಾಜು ಹೇಳೂದ ಆಕಿ ಕೆಲಸ. ಹೇಳಿ ಕಳಿಸ್ಯಾಳ. ಇವತ್ತ ನಾಕಕ್ಕ ಅಲ್ಲಿ ಗುಜರಾತದಾಗ ಕೆಸರಿನ ತೂಕ ಏರಸ್ತಾರ. ಲೆಕ್ಕ ನಾಕು ಸಲ ತಿರುವಿ ನೋಡ್ಯಾಳ, ಎಲ್ಲಾ ಸರಿ ಐತಿ. ಆದ್ರೂ ಐದನೇ ಸಲ ತಿರುವಿದ್ಳು.

ಮೂರಕ್ಕ ಅವರಪ್ಪ ಗುರುಬಸಪ್ಪ "ಮನ್ಯಾಗ ಸುತ್ತೂದಕಿಂತ ನನ್ನ ಜೋಡಿ ಬಾ" ಅಂತ ಸ್ಕೂಟರ್ ಮ್ಯಾಲೆ ಹರಿಪುರಕ್ಕ ಕರಕೊಂಡ ಹೋದ. ಅರಿಷಿಣದ ವ್ಯಾಪಾರಿ ಆಂವ. ನೆಲದಾಗ ತೋಡಿದ ಹಗೇವಿನ್ಯಾಗ ಅರಿಷಿಣ ತುಂಬಿಡೂದನ್ನ ಭಾಳ ಮಂದಿ ಬಿಟ್ಟರೂ ಈ ಪುಣ್ಯಾತ್ಮ ಬಿಟ್ಟಿಲ್ಲ. ಅರಿಷಿಣ ಸುರುವೂ ಮದಲ ಬಾಜೂ ಹಗೇವಿನ ತಾತ್ಯಾಸಾಹೇಬರನ್ನ ಕೇಳಿದ: "ಸಾಹೇಬ್ರ, ನಿಮ್ಮದು ತುಂಬೇತ್ಯೋ, ಖಾಲಿ ಐತ್ಯೋ?"

"ಪ್ರತಿ ವರ್ಷ ಇದನ್ನ ಕೇಳ್ತೀರಿ ಅಪ್ಪಾ," ಸ್ನೇಹಲ ಸಿಡಿಮಿಡಿಗೊಂಡ್ಳು. "ಹೋದ ವರ್ಷ ತುಂಬೇತಿ ಅಂದಿದ್ರಲ್ಲ ಅವರು."

"ಹೋದ ವರ್ಷದ್ದು ತಗೊಂಡ ಏನ ಮಾಡ್ಲಿ? ಬಾಜೂದು ಖಾಲಿ ಆದ್ರ ನಡುವಿನ ಮಣ್ಣಿಗೆ ಆ ಕಡೆಯಿಂದ ಆಸರ ಇರೂದಿಲ್ಲ. ನಾವು ತುಂಬಿ ಒತ್ತಿದ್ರ ಬಿರೀತೈತಿ."

ಸ್ನೇಹಲ ಥಟ್ಟನ ಫೋನ್ ತಗದು ತನ್ನ ಲೆಕ್ಕ ನೋಡಿದ್ಳು. ಅಯ್ಯ ಶಿವನ! ಆಕಿ ತಗೊಂಡಿದ್ದ ಅಂಕಿ ಬಾಜೂ ಬಾಂವಿಯೊಳಗ ಹದಿನಾಕು ವರ್ಷದ ಹಿಂದ ಬಂಡೆ ಒತ್ತಿ ನೋಡಿ ಬರಕೊಂಡದ್ದು. ಅಲ್ಲಿಂದ ಇಲ್ಲೀತನಕ ಆ ಬಾಂವಿಯಿಂದ ಗ್ಯಾಸ್ ತಗದಾರ, ತಗದಾರ. ಎರಡೂ ಬಾಂವಿಗೆ ಬಂಡೆ ಒಂದ; ಒಳಗಿನ ಒತ್ತಡ ಇಳದ್ರ ಅದು ಮದ್ಲಿನಕಿಂತ ಕಮ್ಮಿ ತೂಕಕ್ಕ ಸೀಳತೈತಿ. ಆ ಇಳದಷ್ಟನ್ನ ಹಳೇ ಅಂಕಿಯಿಂದ ಕಳೀಲೇ ಇಲ್ಲ ಈಕಿ! ಗೊತ್ತಿಲ್ಲದ ಮಾತಲ್ಲ, ಓದಿ ಪಾಸಾಗ್ಯಾಳ; ಮೊದಲನೇ ಬಾಂವಿಯ ಹುರುಪಿನ್ಯಾಗ ಮರತಿದ್ಳು.

ನಾಕಕ್ಕ ಇನ್ನ ಹತ್ತ ನಿಮಿಷ. ಫೋನ್ ಹಚ್ಚಿದ್ಳು. ಅಲ್ಲಿಯ ಮುಖ್ಯಸ್ಥ ಕುಣಾಲ ಹಿಂದಿಯೊಳಗ ಒದರಿದ. ಸಹಿ ಆಗೇತಿ, ಎಲ್ಲಾರೂ ಕಾಯಾಕತ್ತಾರ, ಈಗ ತಪ್ಪಂದ್ರ ಈ ಬಾಂವಿ ನಿನ್ನ ಕೈಯಾಗ ಉಳಿಯೂದಿಲ್ಲ, ತಿಳೀತಿಲ್ಲೊ?

ತಿಳೀತು. "ನಿಲ್ಲಸ್ರಿ. ತಪ್ಪು ನಂದ."

"ಹಂಗಾರ ಖರೇ ಅಂಕಿ ಎಷ್ಟು?"

"ಗೊತ್ತಿಲ್ಲ." ಆರು ವರ್ಷದಾಗ ಆ ಮಾತು ಆಕಿ ಬಾಯಿಂದ ಬಂದಿರಲಿಲ್ಲ. "ಮದಲ ಸಣ್ಣಗ ಒತ್ತಿ ನೋಡ್ರಿ."

ಐದು ಹೊಡಿಯೂತನಕ ಆಕಿ ಹಗೇವಿನ ಸುತ್ತ ತಿರಗಿದ್ದ ತಿರಗಿದ್ದು. ಆಮ್ಯಾಲೆ ಕುಣಾಲನ ಫೋನ್ ಬಂತು. "ಒತ್ತಿ ನೋಡಿದ್ವಿ. ನಿನ್ನ ಅಂಕಿಗಿಂತ ಭಾಳ ಮದಲ ಬಂಡೆ ಕೆಸರ ಕುಡ್ಯಾಕ ಹತ್ತಿತು." ಆಮ್ಯಾಲೆ, "ನಾಳಿಂದ ಇದನ್ನ ನಿನ್ನ ಆಫೀಸಿನ ಮೃಣಾಲ ನೋಡ್ತಾಳ," ಅಂದ.

ಗುರುಬಸಪ್ಪ ಮಗಳ ಮಾರಿ ನೋಡಿ ಬಾಜೂಕ ಬಂದ. "ಏನಾತವಾ?"

"ನನ್ನ ಬಾಂವಿ ಹೋತು ಅಪ್ಪಾ."

"ಹೋಗ್ಲಿ. ಆ ಬಾಂವಿ ಮ್ಯಾಲೆ ದುಡಿಯೂ ಮಂದಿ ಎಷ್ಟಿದ್ರು?"

"ಅರವತ್ತೆರಡು," ಅಂದಾಕಿನ ಸ್ನೇಹಲ ಅಪ್ಪನ ಹೆಗಲಿಗೆ ಹಣಿ ಹಚ್ಚಿ ಗಳಗಳಾ ಅತ್ತಳು.