ಮೊಣಕಾಲಿನ ವಾಸನೆ

ನನ್ನ ಮೂಗಿನ ಬಗ್ಗೆ ಊರಲ್ಲಿ ಯಾರನ್ನು ಬೇಕಾದರೂ ಕೇಳಿ. ಬೀಡಿ ಸೇದಿ ಬಂದವನಿರಲಿ, ಘಮಘಮ ಎಣ್ಣೆ ಹಚ್ಚಿ ಬಂದವಳಿರಲಿ, ನನ್ನ ಹುಳು ಮನೆಯ ಹೊಸಿಲಲ್ಲೇ ಹಿಡಿದು ಆಚೆ ಅಟ್ಟುತ್ತೇನೆ. ಕದಿರಮ್ಮನ ಬಾಯಿ ಜೋರು ಎನ್ನುತ್ತಾರೆ. ಅನ್ನಲಿ, ನನಗೇನು? ರೇಷ್ಮೆ ಹುಳಕ್ಕೆ ಘಾಟು ಆಗಿಬರುವುದಿಲ್ಲ, ನಮ್ಮ ಮನೆಯ ಅನ್ನ ಅದೇ ಹುಳದಿಂದ.

ಅವತ್ತು ಮಧ್ಯಾಹ್ನ ಹೊಸಿಲಲ್ಲಿ ಸಿಕ್ಕಿಬಿದ್ದವಳು ನನ್ನ ಮೊಮ್ಮಗಳು ಹರಿಣಿ.

ಹದಿನಾರು ವರ್ಷದವಳು. ಹದಿನೇಳರೊಳಗಿನ ಹುಡುಗಿಯರ ಇಂಡಿಯಾ ಫುಟ್‌ಬಾಲ್ ಟೀಮಿನ ಕ್ಯಾಂಪಿಗೆ ಆಯ್ಕೆಯಾಗಿದ್ದಳು. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಅವಳ ಫ್ಲೆಕ್ಸ್ ಕಟ್ಟಿದ್ದಾರೆ; ಪಕ್ಕದಲ್ಲಿ ಅವಳಿಗಿಂತ ದೊಡ್ಡದಾಗಿ ನಮ್ಮ ಕಡೆಯ ಪುಢಾರಿ ಮೋಹನ್‌ಬಾಬು ಕೈಮುಗಿದು ನಿಂತಿದ್ದಾನೆ, ಗೋಲು ಹೊಡೆದವನು ತಾನೇ ಎನ್ನುವ ಹಾಗೆ. ಮೂವತ್ತು ಹುಡುಗಿಯರಲ್ಲಿ ಇಪ್ಪತ್ತಮೂರು ಜನ ಮುಂದಿನ ವಾರ ಹೊರದೇಶದ ಪಂದ್ಯಕ್ಕೆ ವಿಮಾನ ಹತ್ತಬೇಕಿತ್ತು. ಯಾರ್ಯಾರು ಎನ್ನುವ ಪಟ್ಟಿ ಅವತ್ತೇ ಸಾಯಂಕಾಲ. ನಡುವೆ ನಾಲ್ಕು ದಿನ ರಜೆ ಕೊಟ್ಟು ಮಕ್ಕಳನ್ನು ಮನೆಗೆ ಕಳಿಸಿದ್ದರು. ಬಂದಾಗಿನಿಂದ ಇವಳು ಹುಳು ಮನೆ ಕಡೆ ಸುಳಿದೇ ಇರಲಿಲ್ಲ.

"ನಿಲ್ಲೇ ಅಲ್ಲೇ," ಎಂದೆ. "ಏನದು ವಾಸನೆ?"

"ಏನಿಲ್ಲಜ್ಜಿ. ಸೋಪು."

"ಸೋಪಂತೆ ಸೋಪು! ಈ ಹೊಸಿಲಲ್ಲಿ ನಿಂತು ಸುಳ್ಳಾಡ್ತೀಯೇನೇ?"

ಇದು ನಮ್ಮತ್ತೆ ಹಾಕಿಕೊಟ್ಟ ಕಟ್ಟು. ಹುಳು ಇರುವಷ್ಟು ದಿನ ಆ ಹೊಸಿಲಲ್ಲಿ ಸುಳ್ಳಾಡಬಾರದು, ಆಡಿದರೆ ಹುಳು ಗೂಡು ಕಟ್ಟುವುದಿಲ್ಲ. ಹರಿಣಿ ಚಿಕ್ಕವಳಿದ್ದಾಗ ಸೊಪ್ಪಿನ ಮೂಟೆಗೆ ಚೆಂಡು ಒದ್ದು "ನಾನಲ್ಲ" ಎಂದಿದ್ದಕ್ಕೆ ದಿನವೆಲ್ಲ ಆಚೆ ಕೂರಿಸಿದ್ದೆ.

ಬಗ್ಗಿ ಅವಳ ಪ್ಯಾಂಟನ್ನು ಮೇಲೆತ್ತಿದೆ. ಬಲ ಮೊಣಕಾಲು ಊದಿಕೊಂಡಿತ್ತು, ಮುಟ್ಟಿದರೆ ಬಿಸಿ. ನೋವಿಗೆ ಹೊಡೆಯುವ ಸ್ಪ್ರೇ ಡಬ್ಬಿ ಜೇಬಿನಲ್ಲೇ ಇತ್ತು.

"ಕ್ಯಾಂಪಿನ ಕೊನೇ ದಿನ ತಿರುಚ್ಕೊಳ್ತು. ಯಾರಿಗೂ ಹೇಳಿಲ್ಲ. ನೀನೂ ಹೇಳ್ಬೇಡ ಅಜ್ಜಿ, ನಿನ್ ಕಾಲಿಗೆ ಬೀಳ್ತೀನಿ. ಗೊತ್ತಾದ್ರೆ ಹೆಸರು ತೆಗೆದಾಕ್ತಾರೆ. ಮುಂದಿನ ಸಲಕ್ಕೆ ನಂಗೆ ವಯಸ್ಸು ದಾಟಿರುತ್ತೆ."

"ಆಡ್ತಾ ಆಡ್ತಾ ಮುರಿದೋದ್ರೆ?"

"ಮುರಿದ್ರೆ ಮುರೀಲಿ. ಒಂದು ಸಲ ಆ ಜೆರ್ಸಿ ಹಾಕ್ಕೋಬೇಕು."

ಕಪಾಳಕ್ಕೆ ಬಿಡಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಅಷ್ಟರಲ್ಲಿ ನನ್ನ ಫೋನು ಬಡಕೊಂಡಿತು.

ಟೀಮಿನ ಕೋಚ್ ಶೈಲಜಾ ಮೇಡಂ, ಗೌರಿಬಿದನೂರಿನ ಹೆಣ್ಣುಮಗಳು. ಮೂಗು ಚುರುಕಾದರೂ ನನ್ನ ಕಿವಿ ಮಂದ, ಸ್ಪೀಕರ್ ಹಾಕಿದೆ.

"ಕದಿರಮ್ಮನೋರೇ, ಹರಿಣಿ ಫೋನೇ ತೆಗೀತಿಲ್ಲ. ಪಟ್ಟಿ ಕಳಿಸೋ ಮುಂಚೆ ಎಲ್ಲಾ ಮನೆಗೂ ಕೇಳ್ತಾ ಇದ್ದೀನಿ. ಅವಳಿಗೆ ಜ್ವರ, ನೋವು ಏನಾದ್ರೂ ಇದ್ಯಾ?"

ಹರಿಣಿ ಎರಡೂ ಕೈ ಜೋಡಿಸಿ ನಿಂತಿದ್ದಳು. ಒಳಗೆ ಹುಳು ಸೊಪ್ಪು ಮೇಯುವ ಸರಸರ ಸದ್ದು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುವ ಹುಳು, ತಿಂಗಳ ದುಡಿಮೆಯೆಲ್ಲ ಅದರ ಹೊಟ್ಟೆಯಲ್ಲಿತ್ತು. ನನ್ನ ಕಾಲು ಹೊಸಿಲ ಮೇಲೆ.

"ಏನೂ ಇಲ್ಲಮ್ಮ," ಎಂದೆ. "ಗುಂಡ್‌ಕಲ್ಲಿನಂಗವ್ಳೆ."

"ಅಬ್ಬಾ, ಸದ್ಯ! ಹಾಗಾದ್ರೆ ಹೆಸರು ಸೇರಿಸ್ತೀನಿ."

ಮುಗಿಯಿತು, ಮಗು ಗೆದ್ದಳು ಎಂದುಕೊಂಡೆ. ಹರಿಣಿ ನಗಲಿಲ್ಲ. ನನ್ನನ್ನು ನೋಡಿದಳು, ಒಳಗಿನ ಹುಳು ನೋಡಿದಳು. ಫೋನು ಕಿತ್ತುಕೊಂಡಳು.

"ಮೇಡಂ, ಇಡ್ಬೇಡಿ! ಅಜ್ಜಿ ಸುಳ್ಳು ಹೇಳಿದ್ಲು. ನನ್ ಮೊಣಕಾಲು ಊದಿದೆ. ಮೂರು ದಿನ ಆಯ್ತು."

ಮೇಡಂ ಬಯ್ಯಲಿಲ್ಲ, ಇಷ್ಟೇ ಕೇಳಿದರು.

"ಕುಂಟ್ತೀಯ?"

"ಹೂಂ ಮೇಡಂ."

"ನಾಳೆ ಬೆಳಿಗ್ಗೆ ಬಂದ್ಬಿಡು, ಸ್ಕ್ಯಾನ್ ಮಾಡ್ಸಣ. ಪಟ್ಟೀಲಿ ನಿನ್ ಹೆಸರು ಇರಲ್ಲ ಕಣಮ್ಮ. ಗೊತ್ತಲ್ವಾ?"

"ಗೊತ್ತು."

ಫೋನು ಇಟ್ಟ ಮೇಲೆ ನನಗೆ ಮೈಯೆಲ್ಲ ಉರಿಯಿತು. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನಂಗೆ ಮಾಡ್ಕೊಂಡ್ಯಲ್ಲೇ ಮುಂಡೇದೇ! ನಾನು ಹೇಳಿ ಆಗಿತ್ತು. ಯಾಕೇ ಬಾಯ್ಬಿಟ್ಟೆ?"

"ನೀನು ಯಾವತ್ತಾದ್ರೂ ಇಲ್ಲಿ ನಿಂತು ಸುಳ್ಳು ಹೇಳಿದ್ದೀಯೇನಜ್ಜಿ?" ಅವಳು ಫೋನನ್ನು ನನ್ನ ಕೈಗೆ ತುರುಕಿದಳು. "ಇಷ್ಟೂ ಹುಳಾನ ನಂಗೋಸ್ಕರ ನಿವಾಳಿಸಿ ಬಿಸಾಕ್ಬಿಟ್ಟೆ. ಅದನ್ನ ಹೊತ್ಕೊಂಡು ನಾನ್ ಹೆಂಗೆ ಓಡ್ಲಿ?"

ಅವಳು ಕುಂಟುತ್ತಾ ಬಚ್ಚಲಿಗೆ ಹೋದಳು. ನೀರು ಹುಯ್ದುಕೊಳ್ಳುವ ಸದ್ದಿನ ನಡುವೆ ಬಿಕ್ಕುವುದು ನನ್ನ ಮಂದ ಕಿವಿಗೂ ಕೇಳಿಸಿತು.

ಹಿಂದಿರುಗಿ ಬಂದವಳು ಹೊಸಿಲಾಚೆಯೇ ನಿಂತಳು. ತಿಕ್ಕಿ ತಿಕ್ಕಿ ಮೊಣಕಾಲು ಕೆಂಪಾಗಿತ್ತು. "ಮೂರು ಸಲ ಸೋಪು ಹಾಕ್ದೆ. ಸೊಪ್ಪು ಹಾಕಕ್ಕೆ ಒಳಗೆ ಬರ್ಲಾ ಅಜ್ಜಿ?"

ನಾನು ಬಗ್ಗಿ ಮೂಸಿದೆ. ವಾಸನೆ ಇನ್ನೂ ಇತ್ತು.

"ಹೋಗಿದೆ," ಎಂದೆ. "ಬಾರಮ್ಮ ಒಳಗೆ."