ದತ್ತಾನ ಪಾಲು

ಕಾರವಾರದ ಆಸ್ಪತ್ರೆಯಲ್ಲಿ, ವೈರಲ್ ನ್ಯುಮೋನಿಯಾ ಹಿಡಿದ ಮೀನುಗಾರ ದತ್ತಾ ವೆಂಟಿಲೇಟರ್ ಮೇಲಿದ್ದ. "ಇಂಥ ಹತ್ತು ಜನರಲ್ಲಿ ನಾಲ್ವರು ಉಳೀತಾರೆ," ಎಂದು ಡಾಕ್ಟರ್ ಪೂರ್ಣಿಮಾ ಎಲ್ಲರ ಮನೆಯವರಿಗೂ ಹೇಳುವಂತೆ ಅವನ ಹೆಂಡತಿ ಬೇಬಿಗೂ ಹೇಳಿದಳು.

ಬೇಬಿ ರೇಗಿದಳು. "ಹತ್ತು ಜನರ ಸುದ್ದಿ ನಂಗೆ ಎಂತಕ್ಕೆ ಡಾಕ್ಟ್ರೆ? ಕಾಯಿಲೆ ಬಿದ್ದವ್ರಿಗೂ ನಮ್ಮ ದೋಣೀಲಿ ಮೀನಿನ ಪಾಲು ಎತ್ತಿಡ್ತಾರೆ. ಬರೂದೇ ಇಲ್ಲ ಅಂದ್ರೆ ಆ ಜಾಗಕ್ಕೆ ಬೇರೆಯವ್ರನ್ನ ಹತ್ತಿಸ್ತಾರೆ. ಅರ್ಧಂಬರ್ಧ ಪಾಲು ಇಡೂಕಾಗ್ತದಾ? ಇಡೂದೋ, ಬಿಡೂದೋ, ಅಷ್ಟು ಹೇಳಿ."

ಪೂರ್ಣಿಮಾ ಗಾಜಿನಾಚೆಯ ಮಾನಿಟರ್ ನೋಡಿದಳು. ಅಲ್ಲಿ ಬೇಕಾದಷ್ಟು ಅಂಕಿಗಳಿದ್ದವು, ಇದಕ್ಕೆ ಉತ್ತರವಿರಲಿಲ್ಲ.

"ಇಡಿ," ಎಂದಳು.

ಬೇಬಿ ಅಲ್ಲೇ ನಿಂತು ಅಂಕೋಲೆಯಲ್ಲಿ ದೋಣಿ ನೋಡಿಕೊಳ್ಳುತ್ತಿದ್ದ ಮೈದುನನಿಗೆ ಫೋನ್ ಹಚ್ಚಿದಳು. "ರೂಪೇಶಾ, ಅಣ್ಣನ ಪಾಲು ತೆಗೆದಿಡು. ಬಂದೇ ಬರ್ತಾರಂತೆ, ಡಾಕ್ಟ್ರೇ ಹೇಳಿದ್ರು."

ತಡೆಯಲು ಎತ್ತಿದ ಕೈಯನ್ನು ಪೂರ್ಣಿಮಾ ಕೋಟಿನ ಜೇಬಿಗಿಳಿಸಿದಳು.