ಹೇಳಿ ಬಿಡುವುದು, ಕೇಳಿ ಬಿಡುವುದು

ಊರಿಗೆ ಮೂರು ಅಕ್ಕಿಹೆಂಡದ ಭಟ್ಟಿ ಇರುವ ಜಪಾನಿನ ನಮ್ಮ ನೀಗತಾ ಸೀಮೆಯಲ್ಲಿ ಕುಡಿತ ಬಿಟ್ಟವರ ಕೂಟ ಎಲ್ಲಿದೆ ಎಂದು ಕೇಳಿದರೆ ಜನ ನಗುತ್ತಾರೆ. ನಗಿಸಿಕೊಂಡೇ ಗಂಡನಿಗಾಗಿ ಹುಡುಕಿದೆ. ಆರೋಗ್ಯ ಕೇಂದ್ರದ ಹೆಂಗಸು ಕೊಟ್ಟ ಚೀಟಿಯಲ್ಲಿ ಎರಡು ನಂಬರು ಇದ್ದವು. ಮೊದಲನೆಯ ಕೂಟ ಅದರ ಅಧ್ಯಕ್ಷರು ತೀರಿಹೋದ ಮೇಲೆ ಮುಚ್ಚಿತ್ತು. ಎರಡನೆಯದಕ್ಕೆ ಎರಡು ಬಸ್ಸು ಬದಲಿಸಬೇಕು. ಫೋನೆತ್ತಿದವರು ಅಲ್ಲಿನ ಅಧ್ಯಕ್ಷರು, ಕುವಬರ.

"ನೀವೂ ಬರ್ಬೇಕಮ್ಮ," ಎಂದರು. "ನಮ್ಮಲ್ಲಿ ಗಂಡ ಹೆಂಡ್ತಿ ಜೊತೇಲೇ ಕೂರೋದು. ಹೆಸರು ಮುಚ್ಚಿಡೋದು ಗಿಚ್ಚಿಡೋದು ಇಲ್ಲ."

ನನ್ನ ಗಂಡ ಶಿಗೆಮಿತ್ಸು ಗಾರೆ ಕೆಲಸದವನು. ಕೈ ನಡುಗಲು ಶುರುವಾದ ಮೇಲೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. "ಹತ್ತು ಜನರ ಮುಂದೆ ನನ್ನ ಮಾನ ಹರಾಜು ಹಾಕ್ತೀಯಾ?" ಎಂದ.

"ಇದ್ರೆ ತಾನೆ ಹರಾಜು. ಎದ್ದು ಶೂ ಹಾಕ್ಕೊಳ್ಳಿ," ಎಂದೆ.

ಸಮುದಾಯ ಭವನದ ಮಹಡಿ, ಮಡಚುವ ಕುರ್ಚಿಗಳು, ಬಾರ್ಲಿ ಚಹಾ, ಎಂಟು ಗಂಡಸರು, ಪಕ್ಕದಲ್ಲಿ ಅವರವರ ಹೆಂಡಿರು. ನಿಯಮ ಒಂದೇ: ಹೇಳಿ ಬಿಡುವುದು, ಕೇಳಿ ಬಿಡುವುದು. ಎದುರು ಮಾತಿಲ್ಲ, ಬುದ್ಧಿವಾದವಿಲ್ಲ, ಒಳಗೆ ಕೇಳಿದ್ದು ಹೊಸಿಲು ದಾಟುವಂತಿಲ್ಲ. ಎಷ್ಟು ಚೆಂದದ ನಿಯಮ ಎಂದುಕೊಂಡೆ. ದಡ್ಡಿ ನಾನು.

ನನ್ನ ತಾಯಿಯ ವಿಷಯ ಇಲ್ಲಿ ಹೇಳಬೇಕು. ಲಕ್ವ ಹೊಡೆದು ಅವಳು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಏನಾದರೂ ಬೇಕಾದರೆ ಗೋಡೆ ತಟ್ಟುತ್ತಿದ್ದಳು. ಒಂದು ಜನವರಿಯ ಸಂಜೆ, ನಾನು ಅಕ್ಕಿ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಹೆಚ್ಚುವರಿ ಪಾಳಿಗೆ ನಿಂತಿದ್ದಾಗ, ವಾಂತಿ ಗಂಟಲಿಗೆ ಸಿಕ್ಕಿ ಸತ್ತಳು. ಗಂಡ ಮಧ್ಯಾಹ್ನದಿಂದ ಊರಿನ ಸಾರ್ವಜನಿಕ ಸ್ನಾನಗೃಹದಲ್ಲಿದ್ದೆ ಎಂದ. ಮನೆಯಲ್ಲಿ ಒಬ್ಬಳನ್ನೇ ಬಿಟ್ಟವಳು ನಾನೇ ಎಂದಾಯಿತು. ನನ್ನ ತಮ್ಮ ಇಸಾಮು ಹೆಣದ ಮುಂದೆಯೇ, "ನಾಲ್ಕು ಕಾಸಿಗೆ ಅಮ್ಮನ್ನ ಕೊಂದೆ," ಎಂದ. ಆಮೇಲೆ ನನ್ನೊಡನೆ ಮಾತಿಲ್ಲ. ಅಮ್ಮನ ತಿಥಿಗೂ ನನ್ನನ್ನು ಕರೆಯಲಿಲ್ಲ. ಗಂಡನೂ ಕುಡಿದಾಗಲೆಲ್ಲ ಅದೇ ಮಾತು ಎತ್ತಿ ಚುಚ್ಚುತ್ತಿದ್ದ. ನಾನೂ ನಂಬಿದ್ದೆ.

ಮೂರನೇ ಭಾನುವಾರ ಶಿಗೆಮಿತ್ಸು ಎದ್ದು ನಿಂತ.

"ಅತ್ತೆ ಸತ್ತ ದಿನ ನಾನು ಮನೇಲೇ ಇದ್ದೆ. ಟೀವೀಲಿ ಸುಮೋ ಕುಸ್ತಿ ಬರ್ತಿತ್ತು. ಅವ್ರು ಗೋಡೆ ತಟ್ಟಿದ್ರು. ನಾನು ಟೀವಿ ಸದ್ದು ಜಾಸ್ತಿ ಮಾಡ್ದೆ. ಮತ್ತೆ ತಟ್ಟಿದ್ರು. ಬಾಟ್ಲಿ ಮುಗಿಯೋ ಹೊತ್ತಿಗೆ ಸದ್ದು ನಿಂತಿತ್ತು. ಹೋಗಿ ನೋಡ್ದೆ. ಬಾಗಿಲು ಎಳ್ಕೊಂಡು ಊರಿನ ಸ್ನಾನಗೃಹಕ್ಕೆ ಹೋದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಅಲ್ಲಿನ ರೂಢಿ. ಆಮೇಲೆ ಹೆಂಡತಿಯ ಸರದಿ. ನಾನು ಎದ್ದು, "ಫುಸಾಯೆ. ಇವರ ಹೆಂಡತಿ," ಎಂದು ಕೂತೆ. ಅವನನ್ನು ಅಲ್ಲೇ ಕೊಲ್ಲಬೇಕು ಅನ್ನಿಸಿತು. ಅದರ ಜೊತೆಗೇ, ನಾನು ಕೊಂದಿಲ್ಲ, ಇಸಾಮುಗೆ ಹೇಳಬಹುದು ಎಂದು ಎದೆ ಹಗುರವಾಯಿತು.

ಮುಗಿದ ಮೇಲೆ ಕುವಬರ ಅವರನ್ನು ಮೂಲೆಗೆ ಕರೆದೆ. "ನನ್ನ ತಮ್ಮ ಒಬ್ಬನಿಗೆ ಹೇಳ್ಲಾ? ಒಬ್ಬನಿಗೇ."

"ಬೇಡಮ್ಮ. ಇಲ್ಲಿನ ಮಾತು ಆಚೆ ಹೋದ್ರೆ ನಾಳೆಯಿಂದ ಯಾರೂ ಬಾಯಿ ಬಿಡಲ್ಲ. ನಿಮ್ಮ ಯಜಮಾನ್ರಂತೂ ಮತ್ತೆ ಬಾಟ್ಲಿ ಹಿಡೀತಾರೆ, ಈ ಸಲ ಹಿಡಿದ್ರೆ ಲಿವರ್ ಉಳಿಯಲ್ಲ. ಅವ್ರ ಜೀವ ನಿಮ್ಮ ಕೈಲಿದೆ. ಅವ್ರು ಇದನ್ನ ವಾರವಾರ ಹೇಳ್ಬೇಕು, ಹೇಳ್ತಾ ಹೇಳ್ತಾನೇ ವಾಸಿ ಆಗೋದು."

ವಾರವಾರ ಹೇಳಿದ. ವಾರವಾರ ನಾನು ಪಕ್ಕದಲ್ಲಿ ಕೂತು ಅಮ್ಮ ಗೋಡೆ ತಟ್ಟುವುದನ್ನು ಕೇಳಿದೆ. ಹೇಳುವ ಕಲೆ ಅವನಿಗೆ ಒಲಿಯಿತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂದು ಕಲಿತ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಕೈನಡುಕ ನಿಂತಿತು, ಕೆನ್ನೆ ತುಂಬಿತು, ಒಂದು ಶಾಲೆಯ ಗೋಡೆಯ ಕೆಲಸವೂ ಸಿಕ್ಕಿತು. ನನಗೆ ಅನ್ನ ಇಳಿಯುತ್ತಿರಲಿಲ್ಲ.

ಜನವರಿಯಲ್ಲಿ ಅಮ್ಮ ಹೋಗಿ ಹನ್ನೆರಡು ವರ್ಷ ತುಂಬಿದ ತಿಥಿ. ಇಸಾಮು ಫೋನ್ ಮಾಡಿದ. ಅವನ ದನಿ ಕೇಳಿ ಹನ್ನೆರಡು ವರ್ಷ ಆಗಿತ್ತು.

"ಭಾವ ಕುಡಿಯೋದು ಬಿಟ್ರಂತೆ. ಅವ್ರನ್ನ ಕಳ್ಸು. ನೀನು ಬರೋದು ಬೇಡ," ಎಂದು ಇಟ್ಟ.

ಕರಿ ಸೂಟಿಗೆ ಇಸ್ತ್ರಿ ಹಾಕಿದೆ. ಕರಿ ಟೈ ನಾನೇ ಕಟ್ಟಿದೆ. ಕಟ್ಟುತ್ತಾ, "ಇಸಾಮುಗೊಂದು ಮಾತು ಹೇಳಿಬಿಡಿ," ಎಂದೆ. ನಾನು ಹೇಳಬಾರದು ಸರಿ, ಗಂಡ ತನ್ನ ಮಾತನ್ನು ತಾನೇ ಹೇಳಬಾರದು ಎಂದು ಯಾರೂ ಅಂದಿರಲಿಲ್ಲ. "ನಾನು ಕೊಂದಿಲ್ಲ ಅಂತ. ಅಷ್ಟೇ ಸಾಕು."

"ನೋಡ್ತೀನಿ," ಎಂದ.

ಮಧ್ಯಾಹ್ನ ಮೂರಕ್ಕೆ ವಾಪಸು ಬಂದ. ತಿಥಿಯೂಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಟೈ ಸಡಿಲಿಸಿ ಕಾಲು ಚಾಚಿದ.

"ಬಿಯರ್ ಬಗ್ಗಿಸೋಕೆ ಬಂದ್ರು, ಲೋಟ ಬೋರಲು ಹಾಕ್ದೆ. ಎಲ್ಲ ಹೊಗಳಿದ್ದೇ ಹೊಗಳಿದ್ದು. ಇಸಾಮು ಕೈ ಹಿಡ್ಕೊಂಡು ಅತ್ತುಬಿಟ್ಟ. ಅಂಥೋಳ ಜೊತೆ ಹೇಗೆ ಬಾಳ್ತೀರಿ ಭಾವ ಅಂದ."

"ನೀವೇನಂದ್ರಿ?"

"ಏನನ್ಲಿ? ಹಣೇಬರಹ, ಸಹಿಸ್ಕೊಂಡಿದೀನಿ ಅಂದೆ." ಡಬ್ಬಿಯನ್ನು ನನ್ನ ಕಡೆ ತಳ್ಳಿದ. "ತಿನ್ನು, ಚೆನ್ನಾಗಿದೆ."

ಹನ್ನೆರಡು ವರ್ಷ, ಅವನು ಏನೇ ಮಾಡಿದರೂ, ಅವನಲ್ಲ, ಹೆಂಡ ಮಾಡಿಸಿದ್ದು ಎಂದುಕೊಳ್ಳುತ್ತಿದ್ದೆ. ಆವತ್ತು ಅವನು ಒಂದು ತೊಟ್ಟೂ ಕುಡಿದಿರಲಿಲ್ಲ.